ಗಂಟಲಲ್ಲಿ ಮೀನಿನ ಮುಳ್ಳು: ನುಂಗಿದ ಮೇಲೂ ಚುಚ್ಚುತ್ತಿದ್ದರೆ ಏನು ಮಾಡಬೇಕು?

ಒಂದು ತುತ್ತು ನುಂಗುತ್ತಿದ್ದ ಹಾಗೇ ಗಂಟಲಲ್ಲಿ ಚುರುಕ್ ಅಂದಿತು. ಕೆಮ್ಮಿದಿರಿ, ನೀರು ಕುಡಿದಿರಿ, ಮುಳ್ಳು ಇಳಿದುಹೋಯಿತು ಅಂದುಕೊಂಡಿರಿ. ಆದರೆ ಒಂದು ಗಂಟೆ ಕಳೆದರೂ ಉಗುಳು ನುಂಗಿದಾಗಲೆಲ್ಲ ಅದೇ ಚುಚ್ಚು. ಇದೆಯಾ, ಹೋಯಿತಾ? ಈ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಾ ಇರುತ್ತದೆ. ರಾತ್ರಿ ನಿದ್ದೆಯೂ ಹತ್ತುವುದಿಲ್ಲ.

ಉತ್ತರ ಸಿಗದಿರಲು ಕಾರಣ ಇದೆ. ಮುಳ್ಳು ಇದ್ದರೂ ಚುಚ್ಚುತ್ತದೆ, ಹೋದ ಮೇಲೂ ಚುಚ್ಚುತ್ತದೆ. ಅಂಗಾಲಿಗೆ ಮುಳ್ಳು ಹೊಕ್ಕಿದ್ದನ್ನು ನೆನಪಿಸಿಕೊಳ್ಳಿ. ಪಿನ್ನಿನಿಂದ ಕೆದಕಿ ತೆಗೆದು, ಕಣ್ಣಾರೆ ನೋಡಿ, ಬಿಸಾಕಿದ ಮೇಲೂ ಎರಡು ದಿನ ಕಾಲೂರಿದರೆ ನೋಯುತ್ತದೆ, ಅಲ್ವಾ? ಗಂಟಲಿನ ಒಳಪದರ ಅಂಗಾಲಿಗಿಂತ ಎಷ್ಟೋ ಮೆತ್ತಗೆ. ಅಲ್ಲಿ ಮುಳ್ಳು ನಾಟಬೇಕಾಗಿಲ್ಲ, ಗೀರಿಕೊಂಡು ಹೋದರೆ ಸಾಕು. ಆ ಗೀರು ಮಾಯಲು ಸಾಮಾನ್ಯವಾಗಿ 1ರಿಂದ 3 ದಿನ ಬೇಕು. ಅಲ್ಲಿಯವರೆಗೂ ಮುಳ್ಳು ಇದ್ದ ಹಾಗೇ ಅನಿಸುತ್ತದೆ.

ನನಗೆ ಎರಡು ಸಲ ಹೀಗಾಗಿದೆ. ಒಂದು ಸಲ ಮುಳ್ಳು ನಿಜವಾಗಿಯೂ ಟಾನ್ಸಿಲ್‌ನಲ್ಲಿ ನಾಟಿತ್ತು. ಇನ್ನೊಂದು ಸಲ ಬರೀ ಗೀರು. ಮೊದಲ ಎರಡು ಗಂಟೆ ಎರಡೂ ಒಂದೇ ಥರ ಇದ್ದವು, ವ್ಯತ್ಯಾಸವೇ ಗೊತ್ತಾಗಲಿಲ್ಲ. ವ್ಯತ್ಯಾಸ ಕಂಡಿದ್ದು ಆಮೇಲೆ. ಗೀರಿನ ನೋವು ಗಂಟೆ ಕಳೆದ ಹಾಗೆ ಇಳಿಯುತ್ತಾ ಬಂತು. ನಾಟಿದ ಮುಳ್ಳಿನ ನೋವು ಇದ್ದಲ್ಲೇ ಇತ್ತು. ಅದಕ್ಕೇ ಹೇಳುತ್ತಿದ್ದೇನೆ: ಈ ಕ್ಷಣ ಎಷ್ಟು ನೋವಿದೆ ಅನ್ನುವುದಕ್ಕಿಂತ ನೋವು ಯಾವ ಕಡೆ ಸಾಗುತ್ತಿದೆ ಅನ್ನುವುದನ್ನು ನೋಡಿ. ಕೆಳಗೆ ಬರೆದಿರುವುದೆಲ್ಲ ಇದರ ಸುತ್ತವೇ ಇದೆ.

ಹಂತ 1: ಕಾಯುವಂಥದ್ದೋ, ಓಡಬೇಕಾದದ್ದೋ?

ಬೇರೆ ಏನು ಮಾಡುವ ಮೊದಲು ಇದನ್ನು ನೋಡಿಕೊಳ್ಳಿ. ಕೆಳಗಿನ ಯಾವುದಾದರೂ ಒಂದು ಇದ್ದರೂ ಮುಂದಿನ ಹಂತಗಳು ನಿಮಗೆ ಬೇಡ. ಸೀದಾ ತುರ್ತು ಚಿಕಿತ್ಸೆಗೆ ಹೋಗಿ.

– ಉಸಿರಾಡಲು ಕಷ್ಟ, ಉಸಿರೆಳೆದಾಗ ಸೀಟಿಯಂಥ ಸದ್ದು, ಮಾತು ಹೊರಡದಿರುವುದು ಅಥವಾ ದನಿ ಒಡೆದಿರುವುದು
– ಸ್ವಂತ ಉಗುಳನ್ನೂ ನುಂಗಲು ಆಗದೆ ಜೊಲ್ಲು ಹೊರಗೆ ಸುರಿಯುವುದು
– ಎದೆಯ ನಡುವೆ ಅಥವಾ ಬೆನ್ನಿನ ಮೇಲ್ಭಾಗದಲ್ಲಿ ನೋವು
– ಕುತ್ತಿಗೆ ಊದಿಕೊಳ್ಳುವುದು, ಬಿಗಿಯಾಗುವುದು, ಮುಟ್ಟಿದರೆ ಚರ್ಮದ ಕೆಳಗೆ ಚರಚರ ಅನ್ನುವುದು
– ರಕ್ತ ಕಾರುವುದು, ಉಗುಳಿನಲ್ಲಿ ಮತ್ತೆ ಮತ್ತೆ ರಕ್ತ ಬರುವುದು
– ಜ್ವರ, ಚಳಿ

ಚರ್ಮದ ಕೆಳಗೆ ಚರಚರ ಅಂದರೆ ಒಳಗೆ ತೂತು ಬಿದ್ದು ಗಾಳಿ ಹೊರಗೆ ನುಸುಳಿದೆ ಅಂತ ಅರ್ಥ. ಇದು ತೀರಾ ಅಪರೂಪ. ಆದರೆ ಕಂಡರೆ ಒಂದು ನಿಮಿಷವೂ ತಡಮಾಡಬಾರದು.

ಉಸಿರೇ ಕಟ್ಟಿದರೆ ಅದು ಬೇರೆಯೇ ಮಾತು. ಆ ವ್ಯಕ್ತಿ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕೆಮ್ಮೇ ಒಳ್ಳೆಯ ಔಷಧಿ. ಕೆಮ್ಮಲೂ ಆಗದೆ, ಮಾತೂ ಬಾರದೆ ಒದ್ದಾಡುತ್ತಿದ್ದರೆ ಮುಂದಕ್ಕೆ ಬಗ್ಗಿಸಿ, ಎರಡು ಭುಜದ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ಸರಿಹೋಗದಿದ್ದರೆ ಹಿಂದೆ ನಿಂತು, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಒಂದಾದ ಮೇಲೊಂದು ಹೀಗೇ ಮಾಡುತ್ತಾ ಇರಿ, ಇನ್ನೊಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಲಿ. ಒಂದು ವರ್ಷ ತುಂಬದ ಮಗುವಿಗೆ ಮತ್ತು ಗರ್ಭಿಣಿಗೆ ಹೊಟ್ಟೆ ಒತ್ತಬಾರದು, ಎದೆಯ ಮೇಲೆ ಒತ್ತಬೇಕು.

ಇದ್ಯಾವುದೂ ಇಲ್ಲ, ಉಸಿರು ಸರಾಗವಾಗಿದೆ, ಉಗುಳು ಇಳಿಯುತ್ತಿದೆ, ಬರೀ ಚುಚ್ಚುತ್ತಿದೆ ಅಂದರೆ ಒಂದು ನಿಮಿಷ ಕುಳಿತುಕೊಳ್ಳಿ. ಮುಂದಿನದನ್ನು ನಿಧಾನವಾಗಿ ಮಾಡೋಣ.

ಹಂತ 2: ಮುಳ್ಳನ್ನು ತಳ್ಳಲು ಏನನ್ನೂ ನುಂಗಬೇಡಿ

ಮುಳ್ಳು ಸಿಕ್ಕಿತು ಅಂದ ಕೂಡಲೇ ಅಕ್ಕಪಕ್ಕದವರೆಲ್ಲ ಒಂದೊಂದು ಹೇಳುತ್ತಾರೆ. ಅನ್ನದ ಉಂಡೆ ಅಗಿಯದೆ ನುಂಗು, ಬ್ರೆಡ್ ನುಂಗು, ಬಾಳೆಹಣ್ಣು ನುಂಗು. ಯಾರಿಗೋ ಯಾವಾಗಲೋ ಸರಿಹೋಗಿರುತ್ತದೆ. ನಾನೂ ಮೊದಲ ಸಲ ಇದನ್ನೇ ಮಾಡಿದ್ದೆ. ನಾಲ್ಕು ಉಂಡೆ ನುಂಗಿದ ಮೇಲೆ ಚುಚ್ಚು ಇನ್ನಷ್ಟು ಆಳಕ್ಕೆ ಹೋದ ಹಾಗಾಯಿತು.

ಯಾಕೆ ಹೀಗೆ? ಮುಳ್ಳು ಸುಮ್ನೆ ಅಡ್ಡ ಮಲಗಿದ್ದರೆ ಉಂಡೆ ಅದನ್ನು ಎಳೆದುಕೊಂಡು ಹೋಗಬಹುದು. ಅದರ ತುದಿ ಮಾಂಸಕ್ಕೆ ನಾಟಿದ್ದರೆ, ಮೇಲಿನಿಂದ ಬೀಳುವ ಒತ್ತಡ ಅದನ್ನು ಸುತ್ತಿಗೆ ಮೊಳೆಯನ್ನು ಹೊಡೆದ ಹಾಗೆ ಒಳಕ್ಕೆ ತಳ್ಳುತ್ತದೆ. ಇಲ್ಲವೇ ಮುಳ್ಳು ಮುರಿದು, ಹೊರಗಿದ್ದ ತುಂಡು ಹೊರಟುಹೋಗಿ, ಒಳಗಿನ ತುಂಡು ಡಾಕ್ಟರ ಕಣ್ಣಿಗೂ ಬೀಳದಂತೆ ಹೂತುಹೋಗುತ್ತದೆ. ಸುಲಭವಾಗಿ ಕೈಗೆ ಸಿಗುವ ಗಂಟಲಿನ ಮುಳ್ಳನ್ನು ಅನ್ನನಾಳಕ್ಕೆ ದೂಡುವ ಅಪಾಯವೂ ಇದೆ. ಅಲ್ಲಿಂದ ತೆಗೆಯುವುದು ದೊಡ್ಡ ಕೆಲಸ. ನಾಟಿದೆಯೋ ಇಲ್ಲವೋ ನಮಗೆ ಕಾಣುವುದಿಲ್ಲವಲ್ಲ? ಕಾಣದೆ ತಳ್ಳುವುದು ಬೇಡ.

ಇನ್ನೊಂದು ನಂಬಿಕೆ ಹುಳಿಯದು. ನಿಂಬೆರಸ, ವಿನೆಗರ್, ಕೋಲಾ ಕುಡಿದರೆ ಮುಳ್ಳು ಕರಗುತ್ತದೆ ಅಂತ. ಮುಳ್ಳನ್ನು ವಿನೆಗರ್‌ನಲ್ಲಿ ಬಹಳ ಹೊತ್ತು ನೆನೆಸಿಟ್ಟರೆ ಮೆತ್ತಗಾಗುವುದು ನಿಜ. ಆದರೆ ಕುಡಿದ ವಿನೆಗರ್ ಗಂಟಲಲ್ಲಿ ನಿಲ್ಲುವುದು ಎಷ್ಟು ಹೊತ್ತು? ಒಂದೆರಡು ಸೆಕೆಂಡು. ಅಷ್ಟರಲ್ಲಿ ಮುಳ್ಳಿಗೆ ಏನೂ ಆಗುವುದಿಲ್ಲ, ಗೀರಿದ ಜಾಗ ಮಾತ್ರ ಉರಿಯುತ್ತದೆ.

ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಬೇಡಿ. ವಾಂತಿಯ ರಭಸಕ್ಕೆ ಮುಳ್ಳು ಇನ್ನೊಂದು ಕಡೆ ನಾಟಬಹುದು, ಉಗುರು ತಾಗಿ ಹೊಸ ಗಾಯವೂ ಆಗಬಹುದು. ಕುತ್ತಿಗೆಯನ್ನು ಹೊರಗಿನಿಂದ ತಿಕ್ಕುವುದೂ ಬೇಡ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅನ್ನುವ ಗಾದೆ ಇದೆ. ಗಂಟಲಿನ ಮುಳ್ಳಿಗೆ ಅದು ಹೊಂದುವುದಿಲ್ಲ.

ಹಂತ 3: ಕನ್ನಡಿ, ಟಾರ್ಚ್, ಇನ್ನೊಬ್ಬರ ಕಣ್ಣು

ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳುಗಳು ಹೆಚ್ಚಾಗಿ ಸಿಗುವುದು ನಾಲ್ಕು ಕಡೆ. ಎರಡೂ ಬದಿಯ ಟಾನ್ಸಿಲ್‌ಗಳಲ್ಲಿ, ನಾಲಿಗೆಯ ಬುಡದಲ್ಲಿ, ನಾಲಿಗೆ ಬುಡದ ಹಿಂದಿರುವ ಸಣ್ಣ ಗುಳಿಯಲ್ಲಿ, ಧ್ವನಿಪೆಟ್ಟಿಗೆಯ ಅಕ್ಕಪಕ್ಕದ ಸಂದುಗಳಲ್ಲಿ. ಇವುಗಳಲ್ಲಿ ನಮ್ಮ ಕಣ್ಣಿಗೆ ಕಾಣುವುದು ಟಾನ್ಸಿಲ್ ಮಾತ್ರ. ಆದರೂ ನೋಡುವುದು ಒಳ್ಳೆಯದು. ಟಾನ್ಸಿಲ್‌ನ ಮೈ ಗುಳಿ ಗುಳಿಯಾಗಿರುವುದರಿಂದ ಮುಳ್ಳು ಅಲ್ಲಿ ನಾಟುವುದು ಜಾಸ್ತಿ.

ನೋಡುವ ಕ್ರಮ ಹೀಗೆ. ಬೆಳಕಿಗೆ ಮುಖ ಮಾಡಿ ಕುಳಿತುಕೊಳ್ಳಿ. ಬಾಯಿ ದೊಡ್ಡದಾಗಿ ತೆರೆಯಿರಿ, ನಾಲಿಗೆಯನ್ನು ಹೊರಗೆ ಚಾಚಬೇಡಿ, ಬಾಯೊಳಗೇ ಮಲಗಿರಲಿ. ಇನ್ನೊಬ್ಬರು ಚಮಚದ ಹಿಂಭಾಗದಿಂದ ನಾಲಿಗೆಯ ಮುಂದಿನ ಅರ್ಧವನ್ನು ಮೆಲ್ಲಗೆ ಅದುಮಲಿ. ಹಿಂದಕ್ಕೆ ಹೋದರೆ ಓಕರಿಕೆ ಬರುತ್ತದೆ. ಈಗ "ಆ" ಅನ್ನಿ. ಕಿರುನಾಲಿಗೆ ಮೇಲೇಳುತ್ತದೆ, ಅದರ ಎರಡೂ ಬದಿಗೆ ಟಾನ್ಸಿಲ್ ಕಾಣುತ್ತವೆ. ಟಾರ್ಚನ್ನು ನೇರ ಹಿಡಿಯದೆ ಸ್ವಲ್ಪ ಓರೆಯಾಗಿ ಹಿಡಿದರೆ ಮುಳ್ಳಿನ ತುದಿ ಮಿಂಚುತ್ತದೆ. ನನ್ನದು ಕಂಡಿದ್ದು ಹಾಗೇ. ನೇರ ಬೆಳಕಿನಲ್ಲಿ ಅದು ಉಗುಳಿನ ಎಳೆಯ ಹಾಗೆ ಇತ್ತು. ಟಾರ್ಚ್ ಓರೆ ಮಾಡಿ, ಒಂದು ಗುಟುಕು ನೀರು ನುಂಗಿ ಮತ್ತೆ ನೋಡಿದಾಗಲೂ ಆ ಬಿಳಿ ಎಳೆ ಅಲ್ಲೇ ಇತ್ತು, ಅಲುಗಿರಲಿಲ್ಲ. ಉಗುಳಾಗಿದ್ದರೆ ಜಾಗ ಬದಲಾಗಬೇಕಿತ್ತು.

ಕಂಡಿತು ಅಂತ ಚಿಮಟ ತರಬೇಡಿ. ಓಕರಿಕೆ ಬಂದ ಕ್ಷಣದಲ್ಲಿ ಕೈ ಜಾರುತ್ತದೆ. ಚಿಮಟ ಮುಳ್ಳನ್ನು ಮುರಿಯಬಹುದು, ಇಲ್ಲವೇ ಹಿಡಿದ ಮುಳ್ಳು ಬಿಟ್ಟುಹೋಗಿ ಶ್ವಾಸನಾಳದ ಕಡೆ ಬೀಳಬಹುದು. ಡಾಕ್ಟರ ಬಳಿ ಇದಕ್ಕೇ ಮಾಡಿಸಿದ ಉದ್ದನೆಯ, ಬಾಗಿದ ಇಕ್ಕಳ ಇರುತ್ತದೆ. ಟಾನ್ಸಿಲ್‌ನ ಮುಳ್ಳನ್ನು ಅವರು ಕುಳಿತಲ್ಲೇ ತೆಗೆಯುತ್ತಾರೆ. ಕಂಡ ಮುಳ್ಳಿನ ಫೋಟೊ ತೆಗೆದಿಟ್ಟುಕೊಂಡು ಅಂದೇ ಹೋಗಿ.

ಕಾಣಲಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ. ಉಳಿದ ಮೂರು ಜಾಗಗಳು ಕನ್ನಡಿಗೆ ಸಿಗುವುದೇ ಇಲ್ಲ.

ಹಂತ 4: ನೋವಿನ ಗುರುತು ಹಿಡಿಯಿರಿ

ಒಂದು ಕಾಗದ ತೆಗೆದುಕೊಳ್ಳಿ. ಮುಳ್ಳು ಚುಚ್ಚಿದ ಹೊತ್ತು ಬರೆಯಿರಿ. ಕೊನೆಯ ಸಲ ತಿಂದ, ಕುಡಿದ ಹೊತ್ತನ್ನೂ ಬರೆಯಿರಿ, ಇದು ಮುಂದೆ ಡಾಕ್ಟರಿಗೆ ಬೇಕು. ಆಮೇಲೆ ಒಂದೇ ಒಂದು ಸಣ್ಣ ಗುಟುಕು ನೀರು ನುಂಗಿ, ಕಣ್ಣು ಮುಚ್ಚಿ ಗಮನಿಸಿ.

ಎಲ್ಲಿ ಚುಚ್ಚಿತು? ಒಂದೇ ಬೆರಳಿನಿಂದ ಕುತ್ತಿಗೆಯ ಮೇಲೆ ತೋರಿಸಿ. ದವಡೆಯ ಕೆಳಗೆ, ಎಡಕ್ಕೋ ಬಲಕ್ಕೋ ಖಚಿತವಾಗಿ ತೋರಿಸಲು ಆದರೆ, ಮುಳ್ಳು ಇದ್ದಲ್ಲಿ ಅದೇ ಬದಿಯಲ್ಲಿ, ಗಂಟಲಿನ ಮೇಲ್ಭಾಗದಲ್ಲಿ ಇರುವ ಸಾಧ್ಯತೆ ಜಾಸ್ತಿ. ಅದೇ ಬದಿಯ ಕಿವಿಗೂ ನೋವು ಹೊಡೆಯಬಹುದು. ಗಂಟಲಿಗೂ ಕಿವಿಗೂ ನರಗಳ ನಂಟು ಇದೆ, ಕಿವಿಗೇನೋ ಆಯಿತು ಅಂತ ಗಾಬರಿ ಬೇಡ. ನೋವು ಕುತ್ತಿಗೆಯ ಬುಡದಲ್ಲಿ, ನಡುವೆ, ಎದೆಗೂಡಿನ ಮೇಲಿನ ಗುಳಿಯ ಹತ್ತಿರ ಅಂದರೆ ಅದು ಬೇರೆ ವಿಷಯ. ಮುಳ್ಳು ಅನ್ನನಾಳದಲ್ಲಿ ಇರಬಹುದು. ಅನ್ನನಾಳದ ಬಾಗಿಲು ಮುಂಬದಿಯ ಹಲ್ಲಿನಿಂದ ಸುಮಾರು 15 ಸೆಂಟಿಮೀಟರ್ ಕೆಳಗಿದೆ. ಇಡೀ ಅನ್ನನಾಳದಲ್ಲೇ ಹೆಚ್ಚು ಇಕ್ಕಟ್ಟಾದ ಜಾಗ ಅದು, ಅದಕ್ಕೇ ಅಲ್ಲಿ ಮುಳ್ಳು ತಡೆಯುತ್ತದೆ. ಅಲ್ಲಿಂದ ಕೆಳಗಿನ ನೋವು ನಿಖರವಾಗಿ ಎಲ್ಲಿಯದು ಅಂತ ನಮಗೆ ಗೊತ್ತಾಗುವುದಿಲ್ಲ.

ಹೇಗೆ ಚುಚ್ಚಿತು? ನುಂಗಿದಾಗ ಮಾತ್ರ, ಪ್ರತಿ ಸಲ ಅದೇ ಜಾಗದಲ್ಲಿ, ಸೂಜಿಯಿಂದ ತಿವಿದ ಹಾಗೆ ಆದರೆ ಮುಳ್ಳು ಇರಬಹುದು ಅಂತ ಅಂದುಕೊಳ್ಳಿ. ಗಂಟಲೆಲ್ಲ ಕೆರೆದ ಹಾಗೆ, ಶೀತವಾದಾಗಿನ ಹಾಗೆ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಅನಿಸಿದರೆ ಗೀರಿರುವ ಸಾಧ್ಯತೆ ಹೆಚ್ಚು. ಎರಡರಲ್ಲಿ ಯಾವುದೂ ಪಕ್ಕಾ ಅಲ್ಲ. ಅದಕ್ಕೇ ಗಡಿಯಾರ ಬೇಕಾಗುವುದು.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಟ್ಟು ಬರೆದಿಡಿ. 2 ಗಂಟೆ ಬಿಟ್ಟು ಮತ್ತೆ ಒಂದು ಗುಟುಕು, ಮತ್ತೆ ಒಂದು ಅಂಕ. ನಡುನಡುವೆ ಪರೀಕ್ಷೆ ಮಾಡಬೇಡಿ. ಇದು ಹೇಳಿದಷ್ಟು ಸುಲಭ ಅಲ್ಲ, ಗೊತ್ತು. ಚುಚ್ಚುತ್ತಿದೆಯಾ ಅಂತ ನೋಡಲು ನಿಮಿಷಕ್ಕೊಮ್ಮೆ ಉಗುಳು ನುಂಗುವ ಚಟ ಹತ್ತಿಕೊಳ್ಳುತ್ತದೆ. ಒಣ ಗಂಟಲಲ್ಲಿ ಹೀಗೆ ನುಂಗಿ ನುಂಗಿ ಗೀರಿದ ಜಾಗವೇ ಇನ್ನಷ್ಟು ಕೆರಳುತ್ತದೆ.

ಹಂತ 5: ಯಾವಾಗ ಹೋಗಬೇಕು?

ನೋವು ಕುತ್ತಿಗೆಯ ಬುಡದಲ್ಲಿ ಅಥವಾ ಎದೆಯಲ್ಲಿ ಇದ್ದರೆ ಕಾಯಬೇಡಿ, ಈಗಲೇ ಹೋಗಿ. ಅನ್ನನಾಳದಲ್ಲಿ ಚೂಪಾದ ವಸ್ತು ಸಿಕ್ಕಿಕೊಂಡಿದ್ದರೆ ಸಾಧ್ಯವಾದರೆ 2 ಗಂಟೆಯೊಳಗೆ, ತಡವಾದರೂ 6 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ, ಅಂದರೆ ಕ್ಯಾಮೆರಾ ಇರುವ ನಳಿಗೆ ಒಳಗೆ ಇಳಿಸಿ, ತೆಗೆಯಬೇಕು ಅಂತ ಯೂರೋಪಿನ ಎಂಡೋಸ್ಕೋಪಿ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ಇಷ್ಟು ಅವಸರ ಯಾಕೆ ಅಂದರೆ ಅನ್ನನಾಳದ ಗೋಡೆ ತೆಳು, ಅದರ ಪಕ್ಕದಲ್ಲೇ ದೊಡ್ಡ ರಕ್ತನಾಳಗಳಿವೆ. ಮುಳ್ಳು ಹೆಚ್ಚು ಹೊತ್ತು ಕೂತಷ್ಟೂ ತೂತು ಬೀಳುವ, ಕೀವು ಕಟ್ಟುವ ಅಪಾಯ ಏರುತ್ತದೆ.

ನೋವು ಮೇಲುಗಂಟಲಲ್ಲಿದ್ದು, ಪ್ರತಿ ನುಂಗಿಗೂ ಅದೇ ಜಾಗದಲ್ಲಿ ತಿವಿಯುತ್ತಿದ್ದರೆ, ಕೆಲವು ಗಂಟೆಯಲ್ಲಿ ಅಂಕ ಇಳಿಯದಿದ್ದರೆ, ಅಂದೇ ಕಿವಿ-ಮೂಗು-ಗಂಟಲಿನ ಡಾಕ್ಟರನ್ನು ನೋಡಿ.

ಬರೀ ಕೆರೆತ, ಅಂಕ ಇಳಿಯುತ್ತಿದೆ, ನೀರೂ ಮೆತ್ತನೆಯ ಊಟವೂ ಸರಾಗವಾಗಿ ಹೋಗುತ್ತಿದೆ ಅಂದರೆ 24 ಗಂಟೆ ನೋಡಬಹುದು. 24 ಗಂಟೆ ತುಂಬಿದಾಗ ಮೊದಲ ಅಂಕದ ಪಕ್ಕ ಈಗಿನ ಅಂಕ ಇಟ್ಟು ನೋಡಿ. ಸ್ಪಷ್ಟವಾಗಿ ಇಳಿದಿದ್ದರೆ ಇನ್ನೊಂದೆರಡು ದಿನ ಇದೇ ದಾರಿ. ಇಳಿಯದಿದ್ದರೆ, ಏರಿದ್ದರೆ, ಇಳಿದು ಮತ್ತೆ ಏರಿದ್ದರೆ ಡಾಕ್ಟರ ಬಳಿ ಹೋಗಿ. ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ಒಂದು ದಿನ ಆರಾಮಾಗಿ, ಮೂರನೇ ದಿನ ಮತ್ತೆ ನೋವು ಶುರುವಾದರೆ ಒಳಗೆ ಸೋಂಕು ಹತ್ತುತ್ತಿರಬಹುದು.

ಕಾಯುವ ಹೊತ್ತಿನಲ್ಲಿ ಏನು ಮಾಡಬಹುದು? ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮೆಲ್ಲಗೆ ಬಾಯಿ ಮುಕ್ಕಳಿಸಿ. ಗಂಟಲಿಗೆ ಹಿತವಾಗುತ್ತದೆ, ಮುಳ್ಳು ತೆಗೆಯುವ ಶಕ್ತಿ ಅದಕ್ಕಿಲ್ಲ. ಮೆತ್ತನೆಯದನ್ನು ಚೆನ್ನಾಗಿ ಅಗಿದು, ಸಣ್ಣ ತುತ್ತು ತಿನ್ನಿ. ಖಾರ, ಹುಳಿ, ತುಂಬಾ ಬಿಸಿ, ಗರಿಗರಿ ತಿಂಡಿ ಎರಡು ದಿನ ಬಿಡಿ. ಮದ್ಯ, ಸಿಗರೇಟು ಬೇಡವೇ ಬೇಡ. ನೋವು ತಡೆಯಲಾಗದಿದ್ದರೆ, ನಿಮಗೆ ಒಗ್ಗುವುದಾದರೆ, ಪ್ಯಾರಾಸಿಟಮಾಲ್ ಸಾಕು. ಗಂಟಲನ್ನು ಮರಗಟ್ಟಿಸುವ ಸ್ಪ್ರೇ, ಚಪ್ಪರಿಸುವ ಗುಳಿಗೆ ಬೇಡ. ನೋವೇ ಈಗ ನಮಗೆ ಸುದ್ದಿ ಕೊಡುವುದು, ಅದರ ಬಾಯಿ ಮುಚ್ಚಿಸಿದರೆ ಗೊತ್ತಾಗುವುದು ಹೇಗೆ? ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ನುಂಗುವುದೂ ತಪ್ಪು.

ಡಾಕ್ಟರ ಬಳಿ ಹೋಗುವುದು ಅಂತ ತೀರ್ಮಾನವಾದ ಮೇಲೆ ಏನನ್ನೂ ತಿನ್ನಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಖಾಲಿ ಹೊಟ್ಟೆ ಇರಬೇಕು. ತಿಂದು ಹೋದರೆ ಅಲ್ಲಿ ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ಹಂತ 6: ಡಾಕ್ಟರ ಕೋಣೆಯಲ್ಲಿ

ಆ ಕಾಗದ ಕೊಡಿ. ಎಷ್ಟು ಹೊತ್ತಿಗೆ ಆಯಿತು, ಯಾವ ಮೀನು, ಮುಳ್ಳು ಎಷ್ಟು ದೊಡ್ಡದಿದ್ದೀತು, ಎಲ್ಲಿ ಚುಚ್ಚುತ್ತಿದೆ, ಉಂಡೆ ಗಿಂಡೆ ನುಂಗಿದ್ದರೆ ಅದನ್ನೂ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಹೇಳಲೇಬೇಕು.

ಮೊದಲು ಬಾಯಿ ತೆರೆಸಿ ಟಾನ್ಸಿಲ್ ನೋಡುತ್ತಾರೆ. ಅಲ್ಲಿ ಸಿಗದಿದ್ದರೆ ಮೂಗಿನಿಂದ ಕ್ಯಾಮೆರಾ ಇಳಿಸುತ್ತಾರೆ. ಇದರ ಹೆಸರು ಕೇಳಿಯೇ ಎಷ್ಟೋ ಜನ ಹೋಗುವುದನ್ನು ಮುಂದೂಡುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಆ ನಳಿಗೆ ಮೂರು ನಾಲ್ಕು ಮಿಲಿಮೀಟರ್ ದಪ್ಪ, ಬಾಗುವಂಥದ್ದು. ಮೂಗಿಗೆ ಮೊದಲು ಮರಗಟ್ಟಿಸುವ ಔಷಧಿ ಹೊಡೆಯುತ್ತಾರೆ. ಅದು ಕಹಿ, ಗಂಟಲಿಗೆ ಇಳಿದಾಗ ಗಂಟಲು ಊದಿಕೊಂಡ ಹಾಗೆ ಅನಿಸುತ್ತದೆ. ಅದು ಮರಗಟ್ಟಿದ್ದು ಅಷ್ಟೇ, ಹೆದರಬೇಡಿ. ನಳಿಗೆ ಒಳಗೆ ಹೋಗುವಾಗ ಮೂಗಿನ ಬುಡದಲ್ಲಿ ಒತ್ತಿದ ಹಾಗಾಗಿ ಕಣ್ಣಲ್ಲಿ ನೀರು ಬರುತ್ತದೆ. ಮೂಗಿನಿಂದ ನಿಧಾನವಾಗಿ ಉಸಿರಾಡುತ್ತಾ ಇರಿ. ನಾಲಿಗೆ ಚಾಚಿ, "ಈ" ಅನ್ನಿ, ಕೆನ್ನೆ ಉಬ್ಬಿಸಿ ಅನ್ನುತ್ತಾರೆ. ಹೀಗೆ ಮಾಡಿದಾಗಲೇ ಮುಚ್ಚಿದ ಸಂದುಗಳು ತೆರೆದುಕೊಳ್ಳುವುದು, ಆದ್ದರಿಂದ ಹೇಳಿದ ಹಾಗೆ ಮಾಡಿ. ನನ್ನ ಎರಡನೇ ಸಲದ ಪರೀಕ್ಷೆ ಶುರುವಾಗಿ ಮುಗಿಯಲು ನಾಲ್ಕೈದು ನಿಮಿಷ ಹಿಡಿಯಿತು. ಪರದೆಯ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಕೆಂಪು ಗೆರೆ ಕಂಡಿತು. ಮುಳ್ಳು ಇರಲಿಲ್ಲ. ಎರಡು ರಾತ್ರಿ ನಿದ್ದೆ ಕೆಡಿಸಿದ್ದು ಆ ಗೆರೆ.

ಪರೀಕ್ಷೆಯ ಮೇಲೆ ಸುಮಾರು ಒಂದು ಗಂಟೆ, ಮರಗಟ್ಟಿದ್ದು ಬಿಡುವವರೆಗೂ, ಏನೂ ತಿನ್ನಬಾರದು, ಕುಡಿಯಬಾರದು. ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗಬಹುದು.

ಎಕ್ಸ್-ರೇ ವಿಷಯ. "ಎಕ್ಸ್-ರೇ ಕ್ಲಿಯರ್ ಇದೆ, ಮುಳ್ಳಿಲ್ಲ" ಅಂತ ಸಮಾಧಾನ ಪಟ್ಟುಕೊಳ್ಳುವವರು ಬಹಳ. ಮೀನಿನ ತೆಳು ಮುಳ್ಳುಗಳು ಎಷ್ಟೋ ಸಲ ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ಜೊತೆಗೆ, ವಯಸ್ಸಾದ ಹಾಗೆ ಗಂಟಲಿನ ಮೃದ್ವಸ್ಥಿ ಗಟ್ಟಿಯಾಗಿ ಅಲ್ಲಲ್ಲಿ ಬಿಳಿ ಗೆರೆ ಮೂಡಿರುತ್ತದೆ, ಅದು ಮುಳ್ಳಿನ ಹಾಗೇ ಕಾಣುತ್ತದೆ. ಹಾಗಾಗಿ ಕ್ಯಾಮೆರಾದಲ್ಲಿ ಸಿಗದೆ, ಅನುಮಾನ ಮಾತ್ರ ಬಲವಾಗಿದ್ದರೆ, ಸಿಟಿ ಸ್ಕ್ಯಾನ್ ಮಾಡಿಸುವುದು ಸರಿ. ಸಣ್ಣ ಮುಳ್ಳನ್ನು, ಅದು ಗೋಡೆ ದಾಟಿ ಹೊರಗೆ ಹೋಗಿದ್ದರೆ ಅದನ್ನೂ, ಸಿಟಿ ತೋರಿಸುತ್ತದೆ. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್-ರೇ ಇಲ್ಲಿ ಒಳ್ಳೆಯದಲ್ಲ. ಅದು ಒಳಗೆಲ್ಲ ಸುಣ್ಣ ಬಳಿದ ಹಾಗೆ ಅಂಟಿಕೊಂಡು ಮುಂದಿನ ಎಂಡೋಸ್ಕೋಪಿಗೆ ಅಡ್ಡಿಯಾಗುತ್ತದೆ. ಯಾರಾದರೂ ಸೂಚಿಸಿದರೆ "ಸಿಟಿ ಆಗುವುದಿಲ್ಲವಾ" ಅಂತ ಒಂದು ಮಾತು ಕೇಳಿ.

ಅನ್ನನಾಳದ ಮುಳ್ಳಾದರೆ ಮಂಪರು ಅಥವಾ ಪೂರ್ತಿ ಅರಿವಳಿಕೆ ಕೊಟ್ಟು ತೆಗೆಯುತ್ತಾರೆ. 1982ರ ನವೆಂಬರ್‌ನಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವರ ತಾಯಿಗೂ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿ ಆಸ್ಪತ್ರೆಯಲ್ಲಿ ತೆಗೆಸಬೇಕಾಯಿತು, ಆಗ ಅವರಿಗೆ 82 ವರ್ಷ. ಮುಳ್ಳಿನ ಸಲುವಾಗಿ ಆಸ್ಪತ್ರೆಗೆ ಹೋಗುವುದಾ ಅಂತ ಸಂಕೋಚಪಡುವವರಿಗೆ ಇದನ್ನು ಹೇಳುತ್ತೇನೆ.

ಮಕ್ಕಳು ಮತ್ತು ಹಿರಿಯರು

ಮಗು "ಚುಚ್ಚುತ್ತಿದೆ" ಅಂತ ಹೇಳಲಾರದು. ಊಟ ಬೇಡ ಅನ್ನುವುದು, ನುಂಗುವಾಗ ಅಳುವುದು, ಜೊಲ್ಲು ಜಾಸ್ತಿಯಾಗುವುದು, ಕುತ್ತಿಗೆ ಒಂದು ಕಡೆ ಓರೆ ಹಿಡಿಯುವುದು, ಮತ್ತೆ ಮತ್ತೆ ಬಾಯಿಗೆ ಬೆರಳು ಹಾಕುವುದು ಇವೇ ಅದರ ಮಾತು. ಮೀನು ತಿಂದ ಮೇಲೆ ಇವುಗಳಲ್ಲಿ ಒಂದು ಕಂಡರೂ 24 ಗಂಟೆ ಕಾಯುವ ಲೆಕ್ಕ ಬೇಡ, ಅಂದೇ ತೋರಿಸಿ. ನೀವೇ ಬಾಯೊಳಗೆ ಬೆರಳು ಆಡಿಸಬೇಡಿ.

ಹಲ್ಲಿನ ಸೆಟ್ ಹಾಕುವ ಹಿರಿಯರಲ್ಲಿ ಅಪಾಯ ಹೆಚ್ಚು. ಸೆಟ್ ಅಂಗುಳವನ್ನು ಮುಚ್ಚಿರುವುದರಿಂದ ತುತ್ತಿನಲ್ಲಿ ಮುಳ್ಳಿದೆ ಅನ್ನುವುದೇ ಅವರಿಗೆ ತಿಳಿಯುವುದಿಲ್ಲ. ಎಷ್ಟೋ ಸಲ ಮುಳ್ಳು ನುಂಗಿದ ನೆನಪೂ ಇರುವುದಿಲ್ಲ, "ಯಾಕೋ ಎರಡು ದಿನದಿಂದ ನುಂಗಲು ನೋವು" ಅನ್ನುತ್ತಾರೆ ಅಷ್ಟೇ. ಏನು ತಿಂದಿದ್ದರು ಅಂತ ನಾವೇ ಕೇಳಬೇಕು.

ಹೊಟ್ಟೆಗೆ ಹೋಗಿದ್ದರೆ?

ಗಂಟಲು ದಾಟಿ, ಅನ್ನನಾಳ ದಾಟಿ ಹೊಟ್ಟೆ ಸೇರಿದ ಮುಳ್ಳಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಬಹುಪಾಲು ಮುಳ್ಳುಗಳು ತೊಂದರೆ ಕೊಡದೆ ಒಂದು ವಾರದೊಳಗೆ ಮಲದ ಜೊತೆ ಹೊರಹೋಗುತ್ತವೆ. ಹೊಟ್ಟೆಯ ಆಮ್ಲ ಮುಳ್ಳಿನ ಮೇಲೆ ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ವಿನೆಗರ್‌ಗೆ ಗಂಟಲಲ್ಲಿ ಸಿಗದ ಸಮಯ ಅದಕ್ಕೆ ಸಿಗುತ್ತದೆ. ಭೇದಿ ಮಾತ್ರೆ ತೆಗೆದುಕೊಳ್ಳುವ ಅಗತ್ಯ ಇಲ್ಲ. ಮುಂದಿನ ದಿನಗಳಲ್ಲಿ ಹೊಟ್ಟೆ ಒಂದೇ ಕಡೆ ಬಿಡದೆ ನೋಯುವುದು, ವಾಂತಿ, ಜ್ವರ, ಟಾರಿನಂಥ ಕಪ್ಪು ಮಲ ಕಂಡರೆ ಮಾತ್ರ ತಕ್ಷಣ ಆಸ್ಪತ್ರೆಗೆ ಹೋಗಿ, "ಇಷ್ಟು ದಿನದ ಹಿಂದೆ ಮೀನಿನ ಮುಳ್ಳು ನುಂಗಿದ್ದೆ" ಅಂತ ಮೊದಲ ಮಾತಿನಲ್ಲೇ ಹೇಳಿ.

"ಏನೂ ಇಲ್ಲ" ಅಂದ ಮೇಲೂ ಏನೋ ಇದೆ ಅನಿಸಿದರೆ

ಕ್ಯಾಮೆರಾದಲ್ಲಿ ಮುಳ್ಳು ಕಾಣಲಿಲ್ಲ, ಡಾಕ್ಟರು ಗೀರು ಅಂದರು. ಮನೆಗೆ ಬಂದಿರಿ. ಇಲ್ಲಿಂದಲೂ ಅದೇ ಕಾಗದ ಮುಂದುವರಿಯಲಿ, ದಿನಕ್ಕೆ ಒಂದೇ ಅಂಕ. ಮೂರು ದಿನದಲ್ಲಿ ಅದು ಸೊನ್ನೆಯ ಹತ್ತಿರ ಬರಬೇಕು. ಬರಲಿಲ್ಲ ಅಂದರೆ ಸಂಕೋಚವಿಲ್ಲದೆ ಮತ್ತೆ ಹೋಗಿ. ಸಣ್ಣ ಮುಳ್ಳು ಮೊದಲ ಸಲದ ಪರೀಕ್ಷೆಯಲ್ಲಿ ತಪ್ಪಿಹೋಗುವುದು ಉಂಟು. ಜ್ವರ, ಎದೆನೋವು, ಕುತ್ತಿಗೆ ಊತ ಯಾವಾಗ ಬಂದರೂ ಹಂತ 1ಕ್ಕೆ ವಾಪಸ್.

ಇನ್ನು ಕೆಲವರಿಗೆ ವಾರಗಳ ನಂತರವೂ ಗಂಟಲಲ್ಲಿ ಏನೋ ಕೂತ ಹಾಗೆ ಅನಿಸುತ್ತಿರುತ್ತದೆ. ಚುಚ್ಚುವುದಿಲ್ಲ, ಒಂದು ಗಂಟು ಇದ್ದ ಹಾಗೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪದಂಥ ಪರಿಸ್ಥಿತಿ. ಇದನ್ನು ಗುರುತಿಸುವ ಒಂದು ದಾರಿ ಇದೆ. ಬರೀ ಉಗುಳು ನುಂಗುವಾಗ ಗಂಟು ಜಾಸ್ತಿ ಅನಿಸುತ್ತದೆ, ಊಟ ಮಾಡುವಾಗ ಮಾಯವಾಗುತ್ತದೆ. ನಿಜವಾದ ಮುಳ್ಳು ಹಾಗಲ್ಲ, ಊಟಕ್ಕೇ ಅದು ಹೆಚ್ಚು ನೋಯುವುದು. ಗಂಟಿನ ಈ ಅನುಭವ ಬರೀ ಭ್ರಮೆ ಅಂತ ತಳ್ಳಿಹಾಕುವಂಥದ್ದಲ್ಲ. ಹೆದರಿಕೆಯಿಂದ ಗಂಟಲಿನ ಸ್ನಾಯು ಬಿಗಿಯಾಗುತ್ತದೆ, ಹೊಟ್ಟೆಯ ಆಮ್ಲ ಮೇಲೆ ಬಂದು ಕೆರಳಿಸುತ್ತದೆ, ಪದೇ ಪದೇ ಗಂಟಲು ಕೆರೆದುಕೊಳ್ಳುವುದರಿಂದ ಇನ್ನೂ ಹೆಚ್ಚಾಗುತ್ತದೆ. ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕು ಅನಿಸಿದಾಗ ಒಂದು ಗುಟುಕು ನೀರು ಕುಡಿಯಿರಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆ ಬಿಡಿ. ದಿನಾ ಸಂಜೆ ಹತ್ತು ನಿಮಿಷ ಜೋರಾಗಿ ಆಕಳಿಸಿ, ದವಡೆ ಸಡಿಲ ಬಿಟ್ಟು, ಭುಜ ಇಳಿಸಿ ಕುಳಿತುಕೊಳ್ಳಿ. ನನಗೆ ಗೀರು ಮಾದ ಮೇಲೂ ಎಂಟು ಹತ್ತು ದಿನ ಈ ಗಂಟು ಇತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ, ನಿನ್ನೆಯಿಡೀ ಅದರ ನೆನಪೇ ಬಂದಿಲ್ಲ ಅಂತ ಹೊಳೆಯಿತು.

ಗಂಟಿನ ಜೊತೆ ದನಿ ಒಡೆದದ್ದು 3 ವಾರ ದಾಟಿದರೆ, ಊಟವೇ ತಡೆದು ನಿಂತ ಹಾಗೆ ಆದರೆ, ತೂಕ ಇಳಿದರೆ, ಕುತ್ತಿಗೆಯಲ್ಲಿ ಕೈಗೆ ಸಿಗುವ ಗಡ್ಡೆ ಇದ್ದರೆ ಅದನ್ನು ಹಳೆಯ ಮುಳ್ಳಿನ ಲೆಕ್ಕಕ್ಕೆ ಹಾಕಬೇಡಿ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು, ಡಾಕ್ಟರಿಗೆ ಹೊಸ ತೊಂದರೆ ಅಂತಲೇ ಹೇಳಿ.